ಪ್ರೆಟಿ ಪ್ರಿಂಟಿಂಗ್, ಲಿಸ್ಪ್ ಭಾಷೆಗಳಲ್ಲಿ: ಟೆಕ್ಸಾಸ್‌ನ ಅಧ್ಯಾಯ

ಒಂದರೊಳಗೊಂದು ಹೆಣೆದುಕೊಂಡ ದತ್ತಾಂಶವನ್ನು ಸರಿಯಾದ ಜಾಗದಲ್ಲಿ ಸಾಲು ಮುರಿದು, ಎಡಗಡೆ ತಕ್ಕಷ್ಟು ಖಾಲಿ ಬಿಟ್ಟು, ಓದುವವರಿಗೆ ಅದರ ಒಳರಚನೆ ಕಾಣುವ ಹಾಗೆ ಬರೆದು ತೋರಿಸುವುದಕ್ಕೆ ಪ್ರೆಟಿ ಪ್ರಿಂಟಿಂಗ್ ಎಂದು ಹೆಸರು. ಲಿಸ್ಪ್ ಮತ್ತು ಅದರ ಕುಟುಂಬದ ಭಾಷೆಗಳಲ್ಲಿ ಈ ಕೆಲಸಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ದೊಡ್ಡ ಪಾಲು ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯಗಳದ್ದು. ಟೆಕ್ಸಾಸ್‌ನ ಆಸ್ಟಿನ್, ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳ ಪಾಲು ಅಷ್ಟಾಗಿ ಮಾತಿಗೆ ಬರುವುದಿಲ್ಲ, ಆದರೆ ಅದು ಸಣ್ಣದಲ್ಲ. ಮುದ್ರಣದ ಅಂದವನ್ನು ಅಲಂಕಾರವೆಂದು ಬಗೆಯದೆ ಓದುಗರ ಅಗತ್ಯವೆಂದು ಗಟ್ಟಿಯಾಗಿ ನಂಬಿದ ಕೆಲವು ಯೋಜನೆಗಳು ನಡೆದದ್ದು ಈ ಊರುಗಳಲ್ಲಿ.

ಸಮಸ್ಯೆ ಎಲ್ಲಿದೆ

ಲಿಸ್ಪ್‌ನಲ್ಲಿ ದತ್ತಾಂಶವೂ ಪ್ರೋಗ್ರಾಂ ಕೂಡ ಪಟ್ಟಿಗಳೇ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು, ಎಲ್ಲಕ್ಕೂ ಆವರಣ ಚಿಹ್ನೆಯೇ ಗಡಿ. ಸಾಲು ಎಲ್ಲಿ ಮುರಿಯಿತು ಎಂಬುದು ಯಂತ್ರಕ್ಕೆ ಬೇಕಿಲ್ಲ. ಮನುಷ್ಯರಿಗೆ ಬೇಕು. ಎರಡು ಪಟ್ಟಿಗಳನ್ನು ಮೊದಲು ಜೋಡಿಸಿ ಆಮೇಲೆ ಮೂರನೆಯದನ್ನು ಸೇರಿಸಿದರೂ, ಕೊನೆಯ ಎರಡನ್ನು ಮೊದಲು ಜೋಡಿಸಿ ಅದನ್ನು ಮೊದಲನೆಯದಕ್ಕೆ ಸೇರಿಸಿದರೂ ಫಲ ಒಂದೇ ಎಂಬ ಪ್ರಮೇಯವನ್ನು ನೋಡಿ. ಪ್ರಮೇಯ ಸಾಧಕಗಳ (ಪ್ರಮೇಯಗಳನ್ನು ತಾವೇ ಸಾಧಿಸುವ ಪ್ರೋಗ್ರಾಂಗಳ) ಪಾಠದಲ್ಲಿ ಮೊದಲು ಬರುವ ಉದಾಹರಣೆ ಇದು:

(ಸಮ (ಜೋಡಿಸು (ಜೋಡಿಸು ಅ ಆ) ಇ) (ಜೋಡಿಸು ಅ (ಜೋಡಿಸು ಆ ಇ)))

ಒಂದೇ ಸಾಲಿನಲ್ಲಿ ಹೀಗಿದ್ದರೆ ಆವರಣಗಳನ್ನು ಬೆರಳಿಟ್ಟು ಎಣಿಸಬೇಕು. ಇದನ್ನೇ ಹೀಗೆ ಇಟ್ಟರೆ:

(ಸಮ (ಜೋಡಿಸು (ಜೋಡಿಸು ಅ ಆ) ಇ)
    (ಜೋಡಿಸು ಅ (ಜೋಡಿಸು ಆ ಇ)))

ಸಮೀಕರಣದ ಎರಡು ಬದಿಗಳು ಒಂದರ ಕೆಳಗೊಂದು ನಿಂತು ವ್ಯತ್ಯಾಸ ತಾನಾಗಿ ಕಾಣುತ್ತದೆ. ಜಾಗ ಇನ್ನೂ ಕಿರಿದಾದರೆ ಫಂಕ್ಷನ್ ಹೆಸರನ್ನು ಒಂದು ಸಾಲಿನಲ್ಲಿ ಬಿಟ್ಟು ಉಳಿದದ್ದನ್ನು ಅದರ ಕೆಳಗೆ ಒಂದೇ ಕಾಲಂ ಒಳಗೆ ಸರಿಸಿ ಬರೆಯಬೇಕಾಗುತ್ತದೆ:

(ಸಮ
 (ಜೋಡಿಸು
  (ಜೋಡಿಸು ಅ ಆ)
  ಇ)
 (ಜೋಡಿಸು
  ಅ
  (ಜೋಡಿಸು ಆ ಇ)))

ಈ ಮೂರು ವಿನ್ಯಾಸಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂದು ಪ್ರತಿ ಉಪಪಟ್ಟಿಗೂ ತೀರ್ಮಾನಿಸುವುದೇ ಪ್ರೆಟಿ ಪ್ರಿಂಟರ್‌ನ ಕೆಲಸ. ನೂರಾರು ಸಾಲುಗಳ ಸೂತ್ರದಲ್ಲಿ, ಹತ್ತಿಪ್ಪತ್ತು ಹಂತ ಆಳದಲ್ಲಿ ಇದನ್ನು ಬೇಗ ಮಾಡುವುದು ಕಷ್ಟ.

1960ರ ದಶಕದಲ್ಲಿ ಎಂಐಟಿಯ ಬಿಲ್ ಗಾಸ್ಪರ್ ಬರೆದ ‘ಗ್ರೈಂಡೆಫ್’ ಈ ದಾರಿಯ ಮೊದಲ ಪ್ರೋಗ್ರಾಂಗಳಲ್ಲೊಂದು. 1973ರಲ್ಲಿ ಅಲ್ಲಿನವರೇ ಆದ ಐರಾ ಗೋಲ್ಡ್‌ಸ್ಟೀನ್ ಈ ವಿಷಯವನ್ನೇ ಹಿಡಿದು ಒಂದು ಜ್ಞಾಪನ ಪತ್ರ ಬರೆದರು. 1980ರಲ್ಲಿ ಡೆರೆಕ್ ಆಪ್ಪೆನ್ ಪ್ರಕಟಿಸಿದ ಪ್ರಬಂಧ ಯಾವ ಭಾಷೆಗೂ ಹೊಂದುವ ವಿಧಾನ ಕೊಟ್ಟಿತು. ಕ್ಷೇತ್ರದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಈ ಹೆಸರುಗಳ ಮೇಲೆಯೇ ನಡೆಯುತ್ತಾರೆ.

ಆಸ್ಟಿನ್: ಬೋಯರ್ ವಿಧಾನ

ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಗಣಿತದ ಡಾಕ್ಟರೇಟ್ ಪಡೆದ ರಾಬರ್ಟ್ ಬೋಯರ್ ಅದೇ ವರ್ಷ ಎಡಿನ್‌ಬರೋಗೆ ಹೋದರು. ಅಲ್ಲಿ ಅವರಿಗೆ ಜೆ ಸ್ಟ್ರೋಥರ್ ಮೂರ್ ಜೊತೆಯಾದರು. ಲಿಸ್ಪ್ ಫಂಕ್ಷನ್‌ಗಳ ಬಗ್ಗೆ ಗಣಿತಾನುಮಾನದಿಂದ ತಾನೇ ಪ್ರಮೇಯ ಸಾಧಿಸುವ ಪ್ರೋಗ್ರಾಂ ಒಂದನ್ನು ಇಬ್ಬರೂ ಸೇರಿ ಕಟ್ಟಿದರು. ‘ಪ್ಯೂರ್ ಲಿಸ್ಪ್ ಥಿಯರಂ ಪ್ರೂವರ್’ ಎಂದು ಕರೆಸಿಕೊಂಡ ಅದನ್ನು ಬರೆದ ಭಾಷೆ ಪಾಪ್-2. ಅದು ಉಗುಳುತ್ತಿದ್ದ ಸೂತ್ರಗಳು ಮಾತ್ರ ಅಪ್ಪಟ ಲಿಸ್ಪ್, ಆವರಣಗಳ ಕಾಡು. ಸಾಧನೆ ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ತಿಳಿಯಬೇಕಾದರೆ ಯಾರಾದರೂ ಅವನ್ನು ಓದಲೇಬೇಕು. ಈ ಅಗತ್ಯದಿಂದ ಹುಟ್ಟಿದ್ದು ಬೋಯರ್ ಅವರ ಮುದ್ರಣ ವಿಧಾನ.

ಆ ಕಾಲದ ಬಹುತೇಕ ಪ್ರೆಟಿ ಪ್ರಿಂಟರ್‌ಗಳು ಒಂದು ಪಟ್ಟಿ ಎದುರಾದ ಕೂಡಲೇ ‘ಇದು ಉಳಿದ ಜಾಗದಲ್ಲಿ ಹಿಡಿಯುತ್ತದೆಯೇ’ ಎಂದು ಅಳೆದು ನೋಡುತ್ತಿದ್ದವು. ಹಿಡಿಯದಿದ್ದರೆ ಒಳಗಿನ ಪಟ್ಟಿಗೆ ಇಳಿದು ಅದನ್ನು ಮತ್ತೆ ಅಳೆಯುತ್ತಿದ್ದವು, ಅದರೊಳಗಿನದನ್ನು ಇನ್ನೊಮ್ಮೆ. ಆಳ ಹೆಚ್ಚಿದಂತೆ ಒಂದೇ ಅಂಶ ಹತ್ತಾರು ಬಾರಿ ಅಳತೆಗೆ ಒಳಗಾಗುತ್ತಿತ್ತು, ಕೆಲಸ ಸೂತ್ರದ ಗಾತ್ರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತಿತ್ತು. ಬೋಯರ್ ಇದನ್ನು ಎರಡು ನಡಿಗೆಯಲ್ಲಿ ಮುಗಿಸಿದರು. ಮೊದಲ ನಡಿಗೆ ಏನನ್ನೂ ಮುದ್ರಿಸುವುದಿಲ್ಲ. ಸೂತ್ರವನ್ನು ಒಮ್ಮೆ ಪೂರ್ತಿ ಹಾದುಹೋಗಿ, ಯಾವ ಭಾಗ ಒಂದೇ ಸಾಲಿಗೆ, ಯಾವುದು ಹೆಸರಿನ ಪಕ್ಕಕ್ಕೆ ಸಾಲಾಗಿ, ಯಾವುದು ಹೆಸರಿನ ಕೆಳಗೆ ಎಂಬ ಯೋಜನೆಯನ್ನು ಅಗಲದ ಲೆಕ್ಕದೊಂದಿಗೆ ಬರೆದಿಟ್ಟುಕೊಳ್ಳುತ್ತದೆ. ಎರಡನೆಯ ನಡಿಗೆ ಆ ಯೋಜನೆಯನ್ನು ನೋಡುತ್ತಾ ಅಕ್ಷರ ಹಾಕುತ್ತಾ ಹೋಗುತ್ತದೆ. ಎರಡೂ ಸೇರಿ ತಗಲುವ ಸಮಯ ಸೂತ್ರದ ಗಾತ್ರಕ್ಕೆ ನೇರ ಅನುಪಾತದಲ್ಲಿರುತ್ತದೆ.

ಇದರಲ್ಲಿ ಸೂಕ್ಷ್ಮವಾದ ಒಂದು ಲೆಕ್ಕವಿದೆ, ಅದನ್ನು ಗಮನಿಸದೆ ಹೋದರೆ ವಿಧಾನದ ಸೊಗಸು ಕೈತಪ್ಪುತ್ತದೆ. ಲಿಸ್ಪ್ ಬರವಣಿಗೆಯಲ್ಲಿ ಮುಚ್ಚುವ ಆವರಣಗಳು ಕೊನೆಯ ಅಂಶದ ಬೆನ್ನಿಗೆ ಒಟ್ಟಾಗಿ ಬಂದು ಕೂರುತ್ತವೆ. ಮೇಲಿನ ಉದಾಹರಣೆಯ ಕೊನೆಯ ‘ಇ’ ನೋಡಿ, ಒಂದು ಅಕ್ಷರದ ಹಿಂದೆ ಮೂರು ಆವರಣ. ಅಕ್ಷರ ಸಾಲಿನೊಳಗೆ ಹಿಡಿದು ಆವರಣ ಅಂಚಿನಾಚೆ ಬಿದ್ದರೆ ಲೆಕ್ಕ ತಪ್ಪಿದಂತೆ. ಆದ್ದರಿಂದ ಪ್ರತಿ ಭಾಗವನ್ನು ಅಳೆಯುವಾಗಲೂ ಅದರ ಹಿಂದೆ ಎಷ್ಟು ಮುಚ್ಚುವ ಆವರಣ ಬರಲಿವೆ ಎಂಬ ಸಂಖ್ಯೆಯನ್ನು ಮೊದಲ ನಡಿಗೆ ಕೈಯಲ್ಲಿ ಹಿಡಿದೇ ಸಾಗುತ್ತದೆ. ಪುಟದ ಅಗಲ ಇಂತಿಷ್ಟು ಎಂದು ಹೇಳಿ ಸಾಕಷ್ಟು ದೊಡ್ಡ ಸೂತ್ರ ಕೊಟ್ಟರೆ, ಅತಿ ಉದ್ದದ ಸಾಲು ಸರಿಯಾಗಿ ಆ ಅಗಲದ ಕೊನೆಯ ಕಾಲಂನಲ್ಲೇ ಮುಗಿಯುತ್ತದೆ. ಜಾಗ ಪೋಲಾಗುವುದಿಲ್ಲ, ಸಾಲು ಹೊರಗೂ ಚೆಲ್ಲುವುದಿಲ್ಲ.

ಎಡಿನ್‌ಬರೋದ ನಂತರ ಕ್ಯಾಲಿಫೋರ್ನಿಯಾಗೆ ಹೋಗಿದ್ದ ಬೋಯರ್ ಮತ್ತು ಮೂರ್ 1981ರಲ್ಲಿ ಇಬ್ಬರೂ ಅದನ್ನು ಬಿಟ್ಟು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಎರಡು ವರ್ಷಕ್ಕೆ ಅದೇ ಊರಿನಲ್ಲಿ ಕಂಪ್ಯುಟೇಷನಲ್ ಲಾಜಿಕ್ ಎಂಬ ಸಂಸ್ಥೆ ಹುಟ್ಟಿತು. ಎನ್‌ಕ್ಯುಥಮ್ ಎಂಬ ಹೆಸರಿನಲ್ಲಿ ಬೆಳೆದ ಅವರ ಸಾಧಕ ತನ್ನ ನಡೆಯನ್ನು ಇಂಗ್ಲಿಷ್ ವಾಕ್ಯಗಳಲ್ಲಿ ವಿವರಿಸುತ್ತಾ, ನಡುನಡುವೆ ಸೂತ್ರಗಳನ್ನು ಜೋಡಿಸಿ ತೋರಿಸುತ್ತಿತ್ತು. 1989ರಲ್ಲಿ ಶುರುವಾದ ಎಸಿಎಲ್2 ಎಂಬ ಮುಂದಿನ ಪೀಳಿಗೆಯನ್ನು ಮ್ಯಾಟ್ ಕಾಫ್ಮನ್ ಮತ್ತು ಮೂರ್ ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಅದರ ಮೂಲ ಕೋಡ್‌ನಲ್ಲಿ ಪ್ರೆಟಿ ಪ್ರಿಂಟರ್ ಬಗ್ಗೆ ಒಂದು ಪುಟ್ಟ ಪ್ರಬಂಧವೇ ಟಿಪ್ಪಣಿಯ ರೂಪದಲ್ಲಿದೆ. ಈ ವಿಧಾನ ಬೋಯರ್ ಅವರದ್ದು, ಸುಮಾರು 1971ರದ್ದು, ಎಡಿನ್‌ಬರೋದ ಮೊದಲ ಸಾಧಕದಲ್ಲಿದ್ದುದೂ ಹೆಚ್ಚುಕಡಿಮೆ ಇದೇ ಕೋಡ್ ಎಂದು ಅಲ್ಲಿ ದಾಖಲಾಗಿದೆ. ಎರಡು ನಡಿಗೆಗಳಿಗೆ ‘ಪಿಪಿಆರ್1’, ‘ಪಿಪಿಆರ್2’ ಎಂಬ ಫಂಕ್ಷನ್‌ಗಳಿವೆ. ಭಾಷೆ ಬದಲಾಯಿತು, ಯಂತ್ರ ಬದಲಾಯಿತು, ಊರು ಬದಲಾಯಿತು, ಉಪಾಯ ಮಾತ್ರ ಉಳಿಯಿತು. ಆಪ್ಪೆನ್ ಅವರಿಗೆ ಸಲ್ಲುವ ಗೌರವದಲ್ಲಿ ಒಂದು ಭಾಗವಾದರೂ ಬೋಯರ್ ಅವರಿಗೆ ಸಲ್ಲಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಇಷ್ಟು ಮುತುವರ್ಜಿ ಏಕೆ ಎಂಬುದಕ್ಕೆ ಬಳಕೆಯೇ ಉತ್ತರ ಕೊಡುತ್ತದೆ. 1994ರಲ್ಲಿ ಇಂಟೆಲ್‌ನ ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷ ಬಯಲಾದ ಮೇಲೆ, ಎಎಂಡಿ ಕಂಪನಿಯ ಕೆ5 ಪ್ರೊಸೆಸರ್‌ನ ಭಾಗಾಕಾರ ಸರಿಯಿದೆ ಎಂದು ಮೂರ್, ಕಾಫ್ಮನ್ ಮತ್ತು ಎಎಂಡಿಯ ಟಾಮ್ ಲಿಂಚ್ 1995ರಲ್ಲಿ ಎಸಿಎಲ್2 ಬಳಸಿ ಸಾಧಿಸಿದರು. ಇಂಥ ಸಾಧನೆ ಒಂದೇ ಏಟಿಗೆ ಆಗುವುದಿಲ್ಲ. ಯಂತ್ರ ಒಂದು ಕಡೆ ನಿಂತುಬಿಡುತ್ತದೆ, ಆಗ ತಾನು ನಿಂತ ಜಾಗದ ಸೂತ್ರವನ್ನು ‘ಕೀ ಚೆಕ್‌ಪಾಯಿಂಟ್’ ಎಂದು ಮುದ್ರಿಸುತ್ತದೆ. ಅದನ್ನು ಓದಿ, ಯಾವ ಉಪಪ್ರಮೇಯ ಕೊರತೆಯಾಗಿದೆ ಎಂದು ಊಹಿಸಿ, ಅದನ್ನು ಮೊದಲು ಸಾಧಿಸಿಕೊಟ್ಟು ಮತ್ತೆ ಮುಂದಕ್ಕೆ ಹೋಗಬೇಕು. ಇಡೀ ವಿಧಾನ ನಿಂತಿರುವುದು ಸೂತ್ರವನ್ನು ಮನುಷ್ಯ ಓದಬಲ್ಲ ಎಂಬ ಒಂದೇ ಆಧಾರದ ಮೇಲೆ. ಸೂತ್ರ ತೀರಾ ದೊಡ್ಡದಾದರೆ ಆಳದ ಭಾಗಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಗುರುತು ಹಾಕುವ ಸೌಲಭ್ಯವೂ ಎಸಿಎಲ್2ರಲ್ಲಿದೆ. ಬೋಯರ್, ಕಾಫ್ಮನ್ ಮತ್ತು ಮೂರ್ ಅವರಿಗೆ ಎಸಿಎಂ ಸಂಘದ 2005ರ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಸಂದಿತು.



ಡಲ್ಲಾಸ್ ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್

ಡಲ್ಲಾಸ್‌ನಲ್ಲಿ ಕೇಂದ್ರ ಕಚೇರಿಯಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1984ರಲ್ಲಿ ಎಕ್ಸ್‌ಪ್ಲೋರರ್ ಎಂಬ ಲಿಸ್ಪ್ ಯಂತ್ರವನ್ನು, ಅಂದರೆ ಲಿಸ್ಪ್ ಓಡಿಸಲೆಂದೇ ಕಟ್ಟಿದ ಕಂಪ್ಯೂಟರನ್ನು, ಪ್ರಕಟಿಸಿತು. ಅದನ್ನು ರೂಪಿಸಿದ್ದು ಕಂಪನಿಯ ಆಸ್ಟಿನ್ ವಿಭಾಗ. ಎಂಐಟಿಯ ಲಿಸ್ಪ್ ಯಂತ್ರದ ವಂಶ ಅದರದ್ದು, ಹಾಗಾಗಿ ಗಾಸ್ಪರ್ ಕಾಲದ ‘ಗ್ರೈಂಡ್’ ಪರಂಪರೆಯೂ ಜೊತೆಗೇ ಟೆಕ್ಸಾಸ್‌ಗೆ ಬಂತು. ಪರದೆಯ ಮೇಲೆ ಕಿಟಕಿಗಳನ್ನು ಬೇಕಾದ ಅಳತೆಗೆ ತೆರೆಯಬಹುದಾದ್ದರಿಂದ ಸಾಲಿನ ಅಗಲ ಇಷ್ಟೇ ಎಂಬ ಹಳೆಯ ಟೆಲಿಟೈಪ್ ನಿಯಮ ಮುರಿಯಿತು. 1987ರ ಎಕ್ಸ್‌ಪ್ಲೋರರ್ 2ರಲ್ಲಿ ಲಿಸ್ಪ್‌ಗೆಂದೇ ಮಾಡಿದ, 5 ಲಕ್ಷಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳ ಚಿಪ್ ಇತ್ತು.

ಆ ಯಂತ್ರಗಳು ಸಂಶೋಧನಾಲಯಗಳಿಗೆ ಮಾತ್ರ ಎಟುಕುವ ಬೆಲೆಯವು. ಇದಕ್ಕೆ ತದ್ವಿರುದ್ಧವಾಗಿ ಕಂಪನಿಯ ಡಲ್ಲಾಸ್ ಸಂಶೋಧಕರು, ಡೇವಿಡ್ ಬಾರ್ಟ್ಲಿ ಮತ್ತು ಜಾನ್ ಜೆನ್ಸೆನ್, ಲಿಸ್ಪ್ ಕುಟುಂಬದ ಸ್ಕೀಮ್ ಭಾಷೆಯನ್ನು ಸಾಮಾನ್ಯ ಪರ್ಸನಲ್ ಕಂಪ್ಯೂಟರ್ ಮೇಲೆ ಓಡಿಸುವ ಪಿಸಿ ಸ್ಕೀಮ್ ಬರೆದರು. ಅದರ ರಚನೆಯ ಬಗ್ಗೆ ಅವರ ಪ್ರಬಂಧ 1986ರಲ್ಲಿ ಬಂತು. 80 ಕಾಲಂಗಳ ಪುಟ್ಟ ಪರದೆಯಲ್ಲಿ ‘ಪಿಪಿ’ ಎಂಬ ಎರಡಕ್ಷರದ ಆಜ್ಞೆ ಕೊಟ್ಟರೆ ದತ್ತಾಂಶ ಅಂದವಾಗಿ ಮುರಿದು ಬರುತ್ತಿತ್ತು. ಲಿಸ್ಪ್ ಯಂತ್ರವನ್ನು ಕಣ್ಣಲ್ಲೂ ಕಾಣದ ಕಾಲೇಜು ವಿದ್ಯಾರ್ಥಿಗಳಿಗೆ ಈ ಸೌಲಭ್ಯ ಸಿಕ್ಕಿದ್ದು ಇದರಿಂದ.

ಪ್ರಮಾಣ ರೂಪ

1984ರ ಆಗಸ್ಟ್‌ನಲ್ಲಿ ಲಿಸ್ಪ್ ಮತ್ತು ಫಂಕ್ಷನಲ್ ಪ್ರೋಗ್ರಾಮಿಂಗ್ ಕುರಿತ ಎಸಿಎಂ ವಿಚಾರ ಸಂಕಿರಣ ಆಸ್ಟಿನ್‌ನಲ್ಲೇ ನಡೆಯಿತು. ಗೈ ಸ್ಟೀಲ್ ಅವರ ಕಾಮನ್ ಲಿಸ್ಪ್ ಗ್ರಂಥ ಹೊರಬಂದ ವರ್ಷವೂ ಅದೇ. ಆ ಗ್ರಂಥದಲ್ಲಿ ‘ಪಿಪ್ರಿಂಟ್’ ಇತ್ತು, ಆದರೆ ಸಾಲು ಹೇಗೆ ಮುರಿಯಬೇಕು ಎಂಬುದನ್ನು ಆಯಾ ತಯಾರಕರ ಇಷ್ಟಕ್ಕೆ ಬಿಡಲಾಗಿತ್ತು. ಎಂಐಟಿಯ ರಿಚರ್ಡ್ ವಾಟರ್ಸ್ ರೂಪಿಸಿದ ಎಕ್ಸ್‌ಪಿ ವ್ಯವಸ್ಥೆ 1989ರಲ್ಲಿ ಕಾಮನ್ ಲಿಸ್ಪ್ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಪಡೆದು, 1994ರ ಅಮೆರಿಕನ್ ರಾಷ್ಟ್ರೀಯ ಪ್ರಮಾಣದಲ್ಲಿ ಸೇರಿತು. ‘ಇಲ್ಲಿ ಅಗತ್ಯ ಬಿದ್ದರೆ ಮಾತ್ರ ಮುರಿ’, ‘ಇಲ್ಲಿ ಮುರಿದರೆ ಎಲ್ಲ ಕಡೆಯೂ ಮುರಿ’ ಎಂಬಂಥ ಸೂಚನೆಗಳನ್ನು ಪ್ರೋಗ್ರಾಂ ಬರೆಯುವವರೇ ಕೊಡಬಹುದಾಯಿತು.

ಹ್ಯೂಸ್ಟನ್: ವಿದ್ಯಾರ್ಥಿಯ ಕಣ್ಣು

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಮಥಿಯಾಸ್ ಫೆಲೈಸನ್ 1995ರ ಜನವರಿಯಲ್ಲಿ ಪಿಎಲ್‌ಟಿ ಗುಂಪು ಕಟ್ಟಿದರು. ಮ್ಯಾಥ್ಯೂ ಫ್ಲಾಟ್, ರಾಬಿ ಫಿಂಡ್ಲರ್, ಶ್ರೀರಾಮ್ ಕೃಷ್ಣಮೂರ್ತಿ ಆಗ ಅಲ್ಲಿನ ವಿದ್ಯಾರ್ಥಿಗಳು. ಶಾಲಾ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸಲು ಅವರು ಕಟ್ಟಿದ ಡಾಕ್ಟರ್‌ಸ್ಕೀಮ್ ಪರಿಸರ 2010ರಲ್ಲಿ ಡಾಕ್ಟರ್‌ರ‍್ಯಾಕೆಟ್ ಆಯಿತು. ಅದರ ಪ್ರೆಟಿ ಪ್ರಿಂಟ್ ಲೈಬ್ರರಿಯ ಬೇರು ಮಾಂಟ್ರಿಯಲ್‌ನ ಮಾರ್ಕ್ ಫೀಲಿ 1991ರಲ್ಲಿ ನಿರ್ಬಂಧವಿಲ್ಲದೆ ಹಂಚಿದ ಕೋಡ್. ಫ್ಲಾಟ್ ಅದನ್ನು ತಿದ್ದಿ ಬೆಳೆಸಿದರು. ಬೇರೆ ಏನೂ ಹೇಳದಿದ್ದರೆ ಸಾಲಿನ ಅಗಲ 79 ಕಾಲಂ.

ಹ್ಯೂಸ್ಟನ್ ಗುಂಪಿನ ಸ್ವಂತ ಕೊಡುಗೆ ಇರುವುದು ಸಾಲು ಮುರಿಯುವುದರಲ್ಲಿ ಅಲ್ಲ, ಏನನ್ನು ಮುದ್ರಿಸಬೇಕು ಎಂಬುದರಲ್ಲಿ. ಹಳೆಯ ಲಿಸ್ಪ್‌ಗಳು ಒಂದು, ಎರಡು ಎಂಬ ಪಟ್ಟಿಯನ್ನು ಬರೀ ಆವರಣದೊಳಗೆ ‘1 2’ ಎಂದು ತೋರಿಸುತ್ತವೆ. ಹೊಸಬರಿಗೆ ಅದು ಫಂಕ್ಷನ್ ಕರೆಯ ಹಾಗೆ ಕಂಡು ಗೊಂದಲವಾಗುತ್ತದೆ. ಡಾಕ್ಟರ್‌ಸ್ಕೀಮ್‌ನ ಆರಂಭಿಕ ಹಂತದ ಭಾಷೆ ಅದೇ ಪಟ್ಟಿಯನ್ನು, ಪಟ್ಟಿ ಕಟ್ಟುವ ಫಂಕ್ಷನ್ ಆದ ‘ಕಾನ್ಸ್’ ಒಳಗೆ ಇನ್ನೊಂದು ‘ಕಾನ್ಸ್’ ಆಗಿ ಬರೆಯುತ್ತದೆ. ಅಂದರೆ ಆ ಮೌಲ್ಯವನ್ನು ಕಟ್ಟಲು ಏನು ಬರೆಯಬೇಕೋ ಅದನ್ನೇ ಉತ್ತರವಾಗಿ ಕೊಡುತ್ತದೆ. ವಿದ್ಯಾರ್ಥಿ ಮುಂದಿನ ಹಂತಕ್ಕೆ ಏರಿದ ಮೇಲೆ ‘ಲಿಸ್ಟ್’ ಎಂಬ ಚಿಕ್ಕ ರೂಪ ಬರುತ್ತದೆ. ಉತ್ತರವನ್ನು ನಕಲು ಮಾಡಿ ಹಾಗೇ ಪ್ರೋಗ್ರಾಂಗೆ ಅಂಟಿಸಿದರೂ ಅದು ಓಡುತ್ತದೆ.

ಈಚಿನದು

ಲಿಸ್ಪ್ ಕುಟುಂಬದ ಕ್ಲೋಜರ್ ಭಾಷೆಯ 2010ರ 1.2 ಆವೃತ್ತಿಯೊಂದಿಗೆ ಟಾಮ್ ಫಾಲ್‌ಹೇಬರ್ ಅವರ ಪಿಪ್ರಿಂಟ್ ಲೈಬ್ರರಿ ಮೂಲ ವಿತರಣೆಯ ಭಾಗವಾಯಿತು. ಅದು ವಾಟರ್ಸ್ ಅವರ ಎಕ್ಸ್‌ಪಿಯ ಜಾಡಿನಲ್ಲಿದೆ, ಮ್ಯಾಪ್ ಮತ್ತು ವೆಕ್ಟರ್‌ಗಳಿಗೂ ಹೊಂದಿಕೊಂಡಿದೆ. ಕ್ಲೋಜರ್ ಸಮುದಾಯದ ಕಾಂಜ್ ಸಮ್ಮೇಳನ 2016ರಲ್ಲಿ ಆಸ್ಟಿನ್‌ನಲ್ಲಿ ಸೇರಿತ್ತು.

ಕನ್ನಡದಲ್ಲಿ ದತ್ತಾಂಶ ಇಡುವವರಿಗೆ ಈ ಎಲ್ಲ ವಿಧಾನಗಳೂ ಒಂದು ತೊಂದರೆ ಉಳಿಸಿವೆ. ಪ್ರೆಟಿ ಪ್ರಿಂಟರ್‌ನ ಲೆಕ್ಕದಲ್ಲಿ ಒಂದು ಅಕ್ಷರಕ್ಕೆ ಒಂದು ಕಾಲಂ. ‘ರಾಷ್ಟ್ರ’ ಎಂಬುದು ಓದುವವರಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 7 ಸಂಕೇತ, ಹಾಗಾಗಿ ಹ್ಯೂಸ್ಟನ್ ಗುಂಪಿನ ಭಾಷೆಯಾದ ರ‍್ಯಾಕೆಟ್‌ನಲ್ಲಿ ಅದರ ಉದ್ದ 7. ಎಸಿಎಲ್2ರ ಅಕ್ಷರಮಾಲೆಯಲ್ಲಿ ಇರುವುದು 256 ಚಿಹ್ನೆಗಳಷ್ಟೇ, ಅದು ಯುಟಿಎಫ್-8ರ ಒಂದೊಂದು ಬೈಟನ್ನೂ ಪ್ರತ್ಯೇಕ ಅಕ್ಷರವೆಂದು ಹಿಡಿಯುತ್ತದೆ, ಅಲ್ಲಿ ಅದೇ ಪದದ ಉದ್ದ 21. ಬೋಯರ್ ವಿಧಾನ ಅಂಚಿನ ಕೊನೆಯ ಕಾಲಂವರೆಗೂ ಕರಾರುವಾಕ್ಕಾಗಿ ತುಂಬಿದರೂ ಕನ್ನಡ ಪಠ್ಯದ ಸಾಲುಗಳು ಬೇಗ ಮುರಿದು, ಒಂದರ ಕೆಳಗೊಂದು ನಿಲ್ಲಬೇಕಾದ ಅಂಶಗಳು ಪರದೆಯ ಮೇಲೆ ಸೊಟ್ಟಗೆ ಬೀಳುತ್ತವೆ. ಸಂಕೇತಗಳ ಬದಲು ಪರದೆಯಲ್ಲಿ ಅಕ್ಷರ ಹಿಡಿಯುವ ನಿಜವಾದ ಅಗಲವನ್ನು ಮೊದಲ ನಡಿಗೆಗೆ ಉಣಿಸಿದರೆ ಉಳಿದ ವಿಧಾನವನ್ನು ಮುಟ್ಟಬೇಕಾಗಿಲ್ಲ.