ಕಲ್ಲಿಗೇರದ ಬೇಟೆ: ಬೆಂಗಳೂರಿನ ಪಡುವಣ ಸೀಮೆಯಲ್ಲಿ ಬಿಲ್ಲು, ಮರೆ ಮತ್ತು ಜಿಂಕೆ

ಕರ್ನಾಟಕದ ವೀರಗಲ್ಲುಗಳಲ್ಲಿ, ಅಂದರೆ ಹೋರಾಡಿ ಮಡಿದವರ ನೆನಪಿಗೆ ಊರವರು ನಿಲ್ಲಿಸಿದ ಶಿಲ್ಪಫಲಕಗಳಲ್ಲಿ, ತುರುಗಾಳಗದಲ್ಲಿ ಸತ್ತವರ ಜೊತೆಗೆ ಹುಲಿಯನ್ನು ಇರಿದು ಸತ್ತವರೂ ಕಾಡುಹಂದಿಯೊಡನೆ ಸೆಣಸಿ ಸತ್ತವರೂ ಕಾಣಸಿಗುತ್ತಾರೆ. ಬೇಟೆಯ ವೀರಗಲ್ಲುಗಳೆಂದು ವಿದ್ವಾಂಸರು ಗುರುತಿಸುವ ವರ್ಗ ಬಹುಮಟ್ಟಿಗೆ ಈ ಎರಡು ಪ್ರಾಣಿಗಳದೇ. ಇವುಗಳಲ್ಲಿ ಹೆಸರಾದದ್ದು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು 949ನೇ ಇಸವಿಯ ಕಲ್ಲು. ಗಂಗದೊರೆ ಇಮ್ಮಡಿ ಬೂತುಗನಿಂದ ಅವನ ಯೋಧ ಮಣಲೇರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಂದರ ಮೇಲೆ ಬಿದ್ದು ಅದರೊಡನೆ ತಾನೂ ಸತ್ತ ಸಂಗತಿಯನ್ನು ಆ ಕಲ್ಲು ಹೇಳುತ್ತದೆ. ನಾಯಿಗೂ ಕಲ್ಲು ದೊರೆತ ನಾಡಿನಲ್ಲಿ ಜಿಂಕೆಯ ಬೇಟೆಗಾರನಿಗೆ ಕಲ್ಲಿಲ್ಲದಿರಲು ಕಾರಣ ಸ್ಪಷ್ಟವಾಗಿಯೇ ಇದೆ: ಪೊದೆಯ ಹಿಂದೆ ಕುಳಿತು ಅಂಬು ಬಿಟ್ಟವನು ಸಾಯುವುದಿಲ್ಲ, ಸಾಯದವನಿಗೆ ವೀರಗಲ್ಲು ಇಲ್ಲ. ಆದ್ದರಿಂದ ಹಳ್ಳಿಗರ ಊಟಕ್ಕೂ ಬೆಳೆಯ ಕಾವಲಿಗೂ ಹತ್ತಿರವಾಗಿದ್ದ ಈ ಬೇಟೆಯ ಚರಿತ್ರೆಯನ್ನು ಕಲ್ಲುಗಳಲ್ಲಿ ಹುಡುಕದೆ ಕಾವ್ಯ, ರಾಜಗ್ರಂಥ, ಕಾನೂನು ಮತ್ತು ನೆಲದ ರಚನೆಗಳಲ್ಲಿ ಹುಡುಕಬೇಕಾಗುತ್ತದೆ.

ಬೇಟೆಯಲ್ಲಿ ಮೂಲತಃ ಎರಡು ದಾರಿಗಳಿದ್ದವು. ಜನ ಸಾಲುಗಟ್ಟಿ ಗದ್ದಲವೆಬ್ಬಿಸಿ ಪ್ರಾಣಿಗಳನ್ನು ಬಲೆಯ ಕಡೆಗೋ ಬಿಲ್ಲಾಳುಗಳ ಕಡೆಗೋ ಅಟ್ಟುವುದು ಒಂದು. ಇದಕ್ಕೆ ಹಳಗನ್ನಡದಲ್ಲಿ ಸೋವುವುದು ಎಂದು ಹೆಸರು. ಪ್ರಾಣಿ ತಾನಾಗಿ ಬರುವ ತಾವಿನಲ್ಲಿ ಅಡಗಿ ಕಾಯುವುದು ಇನ್ನೊಂದು. ಇದು ಹೊಂಚು, ಹೀಗೆ ಅಡಗುವ ಪೊದೆಯ ಮರೆಗೆ ಹಳೆಯ ಕಾವ್ಯಗಳಲ್ಲಿ ತೋಹು ಎಂಬ ಹೆಸರಿದೆ. ಮೊದಲನೆಯದಕ್ಕೆ ನೂರಾರು ಆಳು, ನಾಯಿ, ಬಲೆ, ಅವೆಲ್ಲವನ್ನೂ ಕೂಡಿಸಬಲ್ಲ ಒಡೆತನ ಬೇಕಾದುದರಿಂದ ಅದು ಅರಸರ ಮತ್ತು ಪಾಳೆಯಗಾರರ ಆಟವಾಗಿ ಬೆಳೆಯಿತು. ಎರಡನೆಯದಕ್ಕೆ ಒಬ್ಬ ಮನುಷ್ಯ, ಒಂದು ಬಿದಿರ ಬಿಲ್ಲು ಮತ್ತು ತಾಳ್ಮೆ ಇದ್ದರೆ ಸಾಕಿತ್ತು.

ಬಿಲ್ಲಿಗೆ ಮರೆ ಅನಿವಾರ್ಯವಾದದ್ದು ಅದರ ಅಳವಿನಿಂದ. ಕಾಡಿನಲ್ಲಿ ಜಿಂಕೆಯ ಎದೆಗೂಡಿಗೆ ಗುರಿ ತಪ್ಪದೆ ಅಂಬು ನೆಡಬೇಕಾದರೆ ಇಪ್ಪತ್ತು ಮೂವತ್ತು ಹೆಜ್ಜೆಗಳೊಳಗೆ ಇರಬೇಕು, ಅಷ್ಟು ಹತ್ತಿರ ಜಿಂಕೆ ಎಚ್ಚರದಿಂದಿರುವಾಗ ಯಾರೂ ಹೋಗಲಾರರು. ಜಿಂಕೆಯ ಕಣ್ಣಿನಲ್ಲಿ ಬಣ್ಣ ತಿಳಿಯುವ ಕೋಶಗಳು ಎರಡೇ ಬಗೆಯವಾದ್ದರಿಂದ ಕೆಂಪು ಮತ್ತು ಹಸಿರಿನ ಭೇದ ಅದಕ್ಕೆ ಸರಿಯಾಗಿ ತಿಳಿಯದು. ಆದರೆ ಅಲುಗಾಟವನ್ನು ಅದು ತಟ್ಟನೆ ಗುರುತಿಸುತ್ತದೆ, ವಾಸನೆಯನ್ನಂತೂ ಬಹು ದೂರದಿಂದಲೇ ಹಿಡಿಯುತ್ತದೆ. ಹಾಗಾಗಿ ಮರೆಯ ನಿಜವಾದ ಕೆಲಸ ಬಣ್ಣ ಮುಚ್ಚುವುದಲ್ಲ, ಬಿಲ್ಲನ್ನು ಎಳೆಯುವ ತೋಳಿನ ಚಲನೆಯನ್ನು ಮುಚ್ಚುವುದು. ಗಾಳಿ ಜಿಂಕೆಯ ಕಡೆಯಿಂದ ಬೇಡನ ಕಡೆಗೆ ಬೀಸುವಂತೆ ಜಾಗ ಆರಿಸಿ, ಮೊಣಕಾಲುದ್ದ ಗುಂಡಿ ತೋಡಿ, ಸುತ್ತ ಅದೇ ನೆಲದ ಬಂದರಿಕೆ, ತಂಗಡಿ, ಕಾರೆಗಳ ರೆಂಬೆಗಳನ್ನು ನೆಟ್ಟು, ಬೆನ್ನ ಹಿಂದೆ ಬೆಳಕು ತೂರದಂತೆ ದಟ್ಟವಾಗಿ ಮುಚ್ಚಿದರೆ ಒಳಗಿರುವವನ ಆಕಾರ ಕತ್ತಲಲ್ಲಿ ಕರಗುತ್ತದೆ. ಇಂದು ಅಮೆರಿಕದ ಬಿಲ್ಲುಬೇಟೆಗಾರರು ನೆಲದ ಮೇಲೆ ಹೂಡುವ ಮಡಚು ಗುಡಾರಗಳ ಒಳಮೈಗೆ ಕಪ್ಪು ಬಟ್ಟೆ ಹೊಲಿಯುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ. ಎಲ್ಲಿ ಕಾಯಬೇಕೆಂಬುದನ್ನು ಮಾತ್ರ ನೆಲವೇ ಹೇಳುತ್ತಿತ್ತು: ಬೇಸಿಗೆಯಲ್ಲಿ ಬತ್ತದೆ ಉಳಿದ ಕುಂಟೆ, ಪ್ರಾಣಿಗಳು ಬಂದು ನೆಕ್ಕುವ ಉಪ್ಪುಮಣ್ಣು, ಹುರುಳಿ ಅವರೆ ಚಿಗುರಿದ ಹೊಲದ ಅಂಚು, ಇವುಗಳಿಗೆ ಹೋಗುವ ಸವೆದ ಕಾಲುದಾರಿ.

ಈ ಅರಿವು ಅರಮನೆಗೂ ತಿಳಿದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ನಾಲ್ಕನೆಯ ಭಾಗವು ಅರಸನ ವಿನೋದಗಳಿಗೆ ಮೀಸಲಾಗಿದ್ದು, ಅಲ್ಲಿ ಮೃಗಯೆ, ಅಂದರೆ ಬೇಟೆ, ಹಲವು ಬಗೆಗಳಾಗಿ ವಿಂಗಡಗೊಂಡಿದೆ. ನೀರಿನ ತಾಣದಲ್ಲಿ ಕಾದು ಹೊಡೆಯುವುದೂ ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದೂ ಆ ಬಗೆಗಳಲ್ಲಿ ಸೇರಿವೆ. ಹೀಗೆ ಸೆಳೆಯಲು ಬಳಸುವ ಪ್ರಾಣಿಗೆ ಕನ್ನಡದಲ್ಲಿ ದೀವ ಎನ್ನುತ್ತಾರೆ. ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಖಾಂಡವದಹನಕ್ಕೆ ಮುಂಚೆ ಕೃಷ್ಣಾರ್ಜುನರು ಹೋಗುವ ಬೇಟೆಯ ಸಂದರ್ಭದಲ್ಲಿ ದೀವದ ಬೇಂಟೆಯ ವಿಷಯ ಬರುತ್ತದೆ. ಅಡಗಿದವನು ಮತ್ತು ಸೆಳೆಯುವ ಆಕೃತಿ ಎಂಬ ಈ ಜೋಡಿ ಒಂದು ನಾಡಿನ ಸೊತ್ತಲ್ಲ. ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನಾಗಿ 1911ರಲ್ಲಿ ಹೊರಜಗತ್ತಿಗೆ ಬಂದ ಇಶಿಯು ಪೊದೆಯ ಹಿಂದೆ ಕುಳಿತು, ಜಿಂಕೆಯ ತಲೆಯ ತೊಗಲನ್ನು ಮೇಲೆತ್ತಿ ಆಡಿಸಿ ಜಿಂಕೆಗಳನ್ನು ಹತ್ತಿರಕ್ಕೆ ತರುತ್ತಿದ್ದ ಕ್ರಮವನ್ನು ಅವನ ವೈದ್ಯನೂ ಗೆಳೆಯನೂ ಆಗಿದ್ದ ಸ್ಯಾಕ್ಸ್ಟನ್ ಪೋಪ್ ದಾಖಲಿಸಿದ್ದಾನೆ. ಆದರೆ ಸೋಮೇಶ್ವರನ ಗ್ರಂಥಕ್ಕೆ ಒಂದು ಮಿತಿಯಿದೆ: ಬೇಡನು ಹಸಿವಿನಿಂದ ಕಲಿತದ್ದನ್ನು ಅದು ವಿನೋದವಾಗಿ ಬರೆದಿಟ್ಟಿದೆ, ಕಲಿಸಿದ ಬೇಡನ ಹೆಸರು ಮಾತ್ರ ಅಲ್ಲಿಲ್ಲ.

ಬೆಂಗಳೂರಿನ ಪಡುವಣ ದಿಕ್ಕಿನ ನೆಲ ಈ ಬೇಟೆಗೆ ಎರಡು ಬಗೆಯ ಅವಕಾಶ ಒದಗಿಸಿತ್ತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಈಗ ಹರಡಿರುವಲ್ಲಿ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿಗಳ ಹೊಲ, ತೋಪು ಮತ್ತು ಕೆರೆಗಳಿದ್ದವು. ಅಲ್ಲಿಂದ ವೃಷಭಾವತಿಯ ಹರಿವಿನ ಗುಂಟ ಕೆಂಗೇರಿಗೆ ಹೋದರೆ ತುರಹಳ್ಳಿಯ ಬಂಡೆಗುಡ್ಡಗಳೂ, ಪಡುವಣಕ್ಕೆ ಮಾಗಡಿ ದಾರಿ ಹಿಡಿದರೆ ಸಾವನದುರ್ಗದ ಕಾಡೂ ಸಿಗುತ್ತವೆ. ಗುಡ್ಡಗಾಡಿನಲ್ಲಿ ಕಡವೆ ಮತ್ತು ಸಾರಗಗಳ, ಅಂದರೆ ಚುಕ್ಕೆಜಿಂಕೆಗಳ, ಬೇಟೆಗೆ ಬಂಡೆಯೇ ಮರೆಯಾಗಿ ಒದಗುತ್ತಿತ್ತು.

ಬಯಲಿನ ಕಥೆ ಬೇರೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಹುಟ್ಟಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಅರಮನೆಯ ಗೋಸಂಪತ್ತಿಗೆ ನಾಡಿನುದ್ದಕ್ಕೂ ಕಾದಿರಿಸಿದ ಹುಲ್ಲುಗಾವಲುಗಳಿಗೆ ಕಾವಲು ಎಂದು ಹೆಸರು. ಇಂಥ ಹುಲ್ಲುಬಯಲು ಕೃಷ್ಣಮೃಗದ, ಅಂದರೆ ಚಿಗರೆಯ, ನೆಲೆ. ಚಿಗರೆಯನ್ನು ಜನ ಜಿಂಕೆಯೆಂದೇ ಕರೆದರೂ ಅದು ಜಿಂಕೆಯ ಕುಲದ್ದಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ, ಚಿಗರೆಯ ತಿರುಚುಗೊಂಬು ಉದುರುವುದಿಲ್ಲ. ಪೊದೆಯೇ ಇಲ್ಲದ ಬಯಲಿನಲ್ಲಿ ನೆಟ್ಟ ಮರೆ ತಾನೇ ಎದ್ದು ಕಾಣುವುದರಿಂದ, ನಡೆಯುವ ಮರೆ ಬೇಕಾಯಿತು: ದನಗಳಿಗೆ ಚಿಗರೆ ಹೆದರದು ಎಂಬುದನ್ನು ಬಲ್ಲ ಬೇಟೆಗಾರರು ಭಾರತದ ಬಯಲುಸೀಮೆಗಳಲ್ಲಿ ಪಳಗಿದ ಎತ್ತಿನ ಮಗ್ಗುಲಲ್ಲಿ ಬಾಗಿ ನಡೆದು, ಇಲ್ಲವೇ ಎತ್ತಿನ ಗಾಡಿಯಲ್ಲಿ ಕುಳಿತು ಮಂದೆಯನ್ನು ಸಮೀಪಿಸುತ್ತಿದ್ದರು. ಅರಸರು ಇದೇ ತೊಡಕನ್ನು ಪಳಗಿಸಿದ ಚೀತಾಗಳಿಂದ ಬಿಡಿಸಿಕೊಂಡರು. ಟಿಪ್ಪುವಿನ ಬಳಿಯೂ ಅಂಥ ಬೇಟೆ ಚೀತಾಗಳಿದ್ದವು.

ಕೋವಿ ಬಂದಮೇಲೆ ಬಿಲ್ಲು ಹಿಂದೆ ಸರಿಯಿತಾದರೂ ಮರೆ ಉಳಿಯಿತು. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್‌ನ ಬೇಟೆಯ ಬರಹಗಳು ಅಟ್ಟಣೆಯ ಮೇಲೆ ಅಥವಾ ನೆಲದ ಮರೆಯಲ್ಲಿ ಅಲುಗದೆ ಕುಳಿತ ರಾತ್ರಿಗಳಿಂದ ತುಂಬಿವೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಅವನ ಕಥೆಗಳ ಸಂಪುಟಗಳಲ್ಲಿ ಎರಡರ ಹೆಸರುಗಳು, ಜಾಲಹಳ್ಳಿಯ ಕುರ್ಕ ಹಾಗೂ ಮುನಿಶಾಮಿ ಮತ್ತು ಮಾಗಡಿ ಚಿರತೆ, ಇದೇ ಪಡುವಣ ಅಂಚಿನವು. ಇಂದು ಬಸ್ಸುಗಳು ಓಡಾಡುವ ಈ ಊರುಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಚಿರತೆ ಬೇಟೆಯ ಕಥೆಗೆ ವಸ್ತುವಾಗಿತ್ತು ಎಂಬುದು ಗಮನಕ್ಕೆ ಯೋಗ್ಯ, ಏಕೆಂದರೆ ಚಿರತೆ ನಿಂತ ನೆಲದಲ್ಲಿ ಅದಕ್ಕೆ ಆಹಾರವಾದ ಪ್ರಾಣಿಯೂ ನಿಂತಿರುತ್ತದೆ.

ಕಾನೂನು ಈ ಬೇಟೆಯ ಮೇಲೆ ಕೈಯಿಟ್ಟದ್ದು ಮೆಲ್ಲನೆ. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಯ ರೆಗ್ಯುಲೇಷನ್ ಹೊರಡಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಪರವಾನಗಿ ಪಡೆದ ಬೇಟೆಗೆ ಇನ್ನೂ ಎಡೆಯಿತ್ತು. ಆದರೆ ಅದರ 17ನೇ ಸೆಕ್ಷನ್ ಕೆಲವು ಹಕ್ಕಿಗಳನ್ನು ಹೊರತುಪಡಿಸಿ ಯಾವ ಪ್ರಾಣಿಯನ್ನೂ ಉಪ್ಪುನೆಲದಲ್ಲಿ, ನೀರು ಕುಡಿಯುವ ತಾವಿನಲ್ಲಿ ಅಥವಾ ಅಲ್ಲಿಗೆ ಹೋಗುವ ಹಾದಿಯಲ್ಲಿ ಬೇಟೆಯಾಡುವಂತಿಲ್ಲವೆಂದು ವಿಧಿಸಿತು. ಈ ಒಂದು ಮಾತು ಮರೆಬೇಟೆಯ ಬೇರನ್ನೇ ಕತ್ತರಿಸಿತು. ಸೋಮೇಶ್ವರನು ವಿನೋದವೆಂದು ಬರೆದ ನೀರಿನ ತಾಣದ ಬೇಟೆ ಎಂಟೂವರೆ ಶತಮಾನದ ತರುವಾಯ ಅಪರಾಧವಾಯಿತು. ಇದು ನ್ಯಾಯವಾದ ನಿರ್ಬಂಧವೇ ಸರಿ: ಬೇಸಿಗೆಯಲ್ಲಿ ಕುಂಟೆಗೆ ಬರುವ ಪ್ರಾಣಿಗೆ ಬೇರೆ ದಾರಿಯಿಲ್ಲ, ಬಿಲ್ಲಿನ ಕಾಲದಲ್ಲಿ ಒಂದೆರಡು ಪ್ರಾಣಿ ಸಾಯುತ್ತಿದ್ದ ಜಾಗದಲ್ಲಿ ಕೋವಿ ಮತ್ತು ಬೆಳಕು ಸೇರಿದರೆ ಮಂದೆಯೇ ಮುಗಿಯುತ್ತದೆ. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ಕೊನೆಗಾಣಿಸಿದ ಮೇಲೆ ಆ ಸೆಕ್ಷನ್ನಿನ ಅಗತ್ಯವೇ ಉಳಿಯಲಿಲ್ಲ. ನಷ್ಟವಾದದ್ದು ಬೇರೆಯದು, ಮಾಗಡಿ, ರಾಮನಗರ, ಬನ್ನೇರುಘಟ್ಟಗಳ ಆಸುಪಾಸಿನ ಇರುಳಿಗರಂಥ ಸಮುದಾಯಗಳ ಕಾಡಿನ ಅರಿವನ್ನು, ಗಾಳಿ ಮತ್ತು ಹೆಜ್ಜೆಗಳನ್ನು ಓದುವ ಅವರ ವಿದ್ಯೆಯನ್ನು, ಅಪರಾಧದ ಜೊತೆಗೇ ಕಟ್ಟಿ ಬದಿಗಿಟ್ಟದ್ದು ವಿಷಾದದ ಸಂಗತಿ.

ಆ ವಿದ್ಯೆಯ ಒಂದು ಭಾಗ ಈಗ ಸಂಶೋಧಕರ ಕೈಯಲ್ಲಿ ಮರುಬಳಕೆಯಾಗುತ್ತಿದೆ. ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಉಪಕರಣವನ್ನು ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಹುಲಿಗಳ ಎಣಿಕೆಗೆ ಬಳಸಿದರು. ಇತ್ತೀಚೆಗೆ ಕೆಂಗೇರಿಗೆ ದೂರವಲ್ಲದ ಬಿ.ಎಂ. ಕಾವಲ್, ಯು.ಎಂ. ಕಾವಲ್ ಕಾಡುಗಳಲ್ಲೂ ಚಿರತೆಗಳ ಅಧ್ಯಯನಕ್ಕೆ ಅದನ್ನು ಕಟ್ಟಲಾಗಿದೆ. ಮರದ ಬುಡದಲ್ಲಿ, ಮೊಣಕಾಲೆತ್ತರದಲ್ಲಿ, ಸವೆದ ಕಾಲುದಾರಿಗೆ ಮುಖಮಾಡಿ ಅದನ್ನು ಬಿಗಿಯುವವರು ಬೇಡನು ಗುಂಡಿ ತೋಡುತ್ತಿದ್ದಂಥ ಜಾಗವನ್ನೇ ಹುಡುಕುತ್ತಾರೆ, ಗಾಳಿಯ ದಿಕ್ಕನ್ನು ಮಾತ್ರ ಅವರು ಅಷ್ಟಾಗಿ ನೋಡಬೇಕಿಲ್ಲ.