ಮಲಪ್ರಭೆಯ ಸೀಮೆಯಲ್ಲಿ ಕೊಡುವ ಸುಖ

ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ, ಗುಡ್ಡಗಳ ಸಂದಿಯಲ್ಲಿ ಶಬರಿಕೊಳ್ಳ ಇದೆ. ರಾಮನ ದಾರಿ ಕಾಯುತ್ತಲೇ ಮುಪ್ಪಾದ ಶಬರಿ ಇದ್ದದ್ದು ಇಲ್ಲಿಯೇ ಎಂಬುದು ಈ ಸೀಮೆಯ ನಂಬಿಕೆ. ಹಂಪಿಯ ಬಳಿಯ ಪಂಪಾಸರೋವರದ ಕಡೆಯವರೂ ಅವಳು ತಮ್ಮವಳೇ ಎನ್ನುತ್ತಾರೆ. ಜನ ಹೇಳುವ ಕಥೆಯಲ್ಲಿ ಅವಳ ಬಳಿ ಇದ್ದದ್ದು ಬಾರಿಹಣ್ಣು ಮಾತ್ರ. ಒಂದೊಂದನ್ನೂ ಕಚ್ಚಿ ನೋಡಿ, ಸಿಹಿಯಾದದ್ದನ್ನೇ ಆರಿಸಿ ಕೊಟ್ಟಳು. ಕಥೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ತಿಂದವನ ಹಸಿವಲ್ಲ, ಕೊಟ್ಟವಳ ಸಂತೋಷ.

ಈ ನಾಡಿನ ಕಲ್ಲುಗಳಲ್ಲಿಯೂ ಕೊಡುಗೆಯ ಮಾತೇ ಹೆಚ್ಚು. ಸವದತ್ತಿ ಹಿಂದೆ ಸುಗಂಧವರ್ತಿಯಾಗಿತ್ತು, ರಟ್ಟ ಅರಸರ ಊರಾಗಿತ್ತು. ಅಲ್ಲಿಯ ಬಸದಿಗೆ ಭೂಮಿ ಬಿಟ್ಟದ್ದನ್ನು ಕ್ರಿ.ಶ. 980ರ ಶಾಸನ ಹೇಳುತ್ತದೆ. ಜೈನರು ಸಾರಿದ ನಾಲ್ಕು ದಾನಗಳಲ್ಲಿ ಅನ್ನ, ಅಭಯ, ಶಾಸ್ತ್ರಗಳ ಜೊತೆ ಔಷಧವೂ ಸೇರಿತ್ತು. ಹನ್ನೆರಡನೆಯ ಶತಮಾನಕ್ಕೆ ಬಂದರೆ, ಈ ಸೀಮೆಯಲ್ಲಿ ಹರಿಯುವ ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ದಾನದ ರೀತಿಯನ್ನೇ ಬದಲಿಸಿದರು. ದುಡಿದು ಗಳಿಸಿದ್ದನ್ನು ಹಂಚಬೇಕು, ಹಂಚಿದವನಿಗೆ ತಾನು ಕೊಟ್ಟೆನೆಂಬ ಬಿಂಕ ಇರಕೂಡದು. ಹೀಗೆ ರಾಜರಿಗೂ ಸಿರಿವಂತರಿಗೂ ಮೀಸಲಾಗಿದ್ದ ದೊಡ್ಡಸ್ತಿಕೆ ದಾಸೋಹವಾಗಿ ಕೂಲಿಕಾರರ ಮನೆಗೂ ಬಂತು.

ಹೊಲದಲ್ಲಿಯೂ ಇದೇ ರೀತಿ. ಎಳ್ಳ ಅಮಾವಾಸ್ಯೆಯ ದಿನ ರೈತರು ಬುತ್ತಿ ಕಟ್ಟಿಕೊಂಡು ಗಾಡಿ ಹೂಡುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ. ಮೊದಲ ಪಾಲು ಭೂಮಿತಾಯಿಗೆ: ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ, ಅದು ಹಕ್ಕಿಪಕ್ಕಿಗೂ ಸೇರುತ್ತದೆ. ಆಮೇಲೆ ನೆಂಟರು, ನೆರೆಯವರು ಕೂಡಿ ಉಣ್ಣುತ್ತಾರೆ. ದಾರಿಹೋಕರನ್ನೂ ಕೂಗಿ ಕರೆದು ಕೂಡಿಸುತ್ತಾರೆ. ಆ ದಿನ ಒಬ್ಬನೇ ಕೂತು ಉಂಡರೆ ಹಬ್ಬವೇ ಆಗದು.

ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು ಕೊಡುವ ಈ ಸಂಪ್ರದಾಯದ ದೊಡ್ಡ ಹೆಸರು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ, ದತ್ತಕರಾಗಿ ಶಿರಸಂಗಿ ವಾಡೆಗೆ ಬಂದರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ಸಂಸ್ಥಾನದ ಆಸ್ತಿಯನ್ನು ವೀರಶೈವ ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಆ ಆಸ್ತಿಯ ಕುರಿತ ಕೋರ್ಟಿನ ವ್ಯಾಜ್ಯಗಳು ಮುಗಿದ ಮೇಲೆ ನವಲಗುಂದ–ಶಿರಸಂಗಿ ಟ್ರಸ್ಟಿನ ಮೂಲಕ ಆ ಹಣ ಬಡ ವಿದ್ಯಾರ್ಥಿಗಳ ಕೈ ಸೇರಿತು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಶಿಕ್ಷಣ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಜನ ಅವರನ್ನು ತ್ಯಾಗವೀರ ಎಂದು ಕರೆದರು.

ಪಡೆದವರಿಗೆ ಲಾಭವಾಯಿತು ಸರಿ, ಕೊಟ್ಟವರಿಗೆ?

ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದಾರೆ. 2006ರಲ್ಲಿ ಜಾರ್ಜ್ ಮೋಲ್ ಮತ್ತು ಸಂಗಡಿಗರು ದಾನದ ತೀರ್ಮಾನ ಮಾಡುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದರು. ದುಡ್ಡು ಕೈಗೆ ಬಂದಾಗ ಚುರುಕಾಗುವ ಸುಖದ ಕೇಂದ್ರಗಳು ದುಡ್ಡು ಕೊಟ್ಟಾಗಲೂ ಚುರುಕಾದವು. ಕೆನಡಾದಲ್ಲಿ ಆಶ್ಲಿ ವಿಲನ್ಸ್ ಮತ್ತು ಸಂಗಡಿಗರು ಬಿ.ಪಿ. ಇದ್ದ ಹಿರಿಯರಿಗೆ ಮೂರು ವಾರ, ವಾರಕ್ಕೆ 40 ಡಾಲರ್ ಕೊಟ್ಟರು. ಕೆಲವರು ಅದನ್ನು ತಮಗಾಗಿ ಖರ್ಚು ಮಾಡಬೇಕಿತ್ತು, ಉಳಿದವರು ಇತರರಿಗಾಗಿ. ಇತರರಿಗಾಗಿ ಖರ್ಚು ಮಾಡಿದವರ ರಕ್ತದೊತ್ತಡ ಇಳಿದಿತ್ತು ಎಂದು 2016ರಲ್ಲಿ ಅವರು ಪ್ರಕಟಿಸಿದರು.

ಹಾಗೆಂದು ಕೊಟ್ಟವರಿಗೆಲ್ಲ ದೀರ್ಘಾಯುಷ್ಯ ಖಾತ್ರಿ ಎನ್ನಲಾಗದು. ಲಿಂಗರಾಜರು ಬದುಕಿದ್ದು 45 ವರ್ಷ ಮಾತ್ರ. 2012ರಲ್ಲಿ ಸಾರಾ ಕಾನ್ರಾತ್ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಮಾತು ಸೇರಿಸಿತು. ಅಮೆರಿಕದ ವಿಸ್ಕಾನ್ಸಿನ್‌ನ ಹಿರಿಯರಲ್ಲಿ, ಇತರರಿಗಾಗಿ ಸೇವೆ ಮಾಡಿದವರಲ್ಲಿ ಮುಂದಿನ ನಾಲ್ಕು ವರ್ಷಗಳಲ್ಲಿ ಸಾವು ಕಡಿಮೆ ಕಂಡಿತು. ತಮ್ಮ ಲಾಭವನ್ನೇ ನೆನೆದು ಸೇವೆಗಿಳಿದವರಿಗೂ ಸೇವೆಯನ್ನೇ ಮಾಡದವರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ದಾಸೋಹದಲ್ಲಿ ಕೊಡುವವನ ಬಿಂಕಕ್ಕೆ ಎಡೆಯಿಲ್ಲವೆಂದ ಶರಣರ ಮಾತಿನ ಪಕ್ಕದಲ್ಲಿ ಈ ಫಲಿತಾಂಶವನ್ನು ಇಟ್ಟು ನೋಡಬೇಕು.

ಆ ದಾಸೋಹ ಇಂದಿಗೂ ನಡೆದಿದೆ. ಉತ್ತರ ಕರ್ನಾಟಕದ ಮಠಗಳ ಜಾತ್ರೆ ಬಂತೆಂದರೆ ಹಳ್ಳಿಹಳ್ಳಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಹೆಣ್ಣುಮಕ್ಕಳು ಕೂಡಿ ಬಡಿದ ಜೋಳದ ಖಡಕ್ ರೊಟ್ಟಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿ ದಾಸೋಹಕ್ಕೆ ಕಳಿಸುತ್ತಾರೆ. ಕೊಪ್ಪಳದ ಗವಿಮಠಕ್ಕೆ ಲಕ್ಷಗಟ್ಟಲೆ ರೊಟ್ಟಿ ಸೇರುತ್ತದೆ. ಯಾವ ರೊಟ್ಟಿ ಯಾರ ಮನೆಯದೆಂದು ಉಂಡವರಿಗೆ ತಿಳಿಯದು. ಮಕ್ಕಳು ಬೆಂಗಳೂರು, ಪುಣೆ ಸೇರಿ, ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕಿಗೂ ಆ ದಿನಗಳಲ್ಲಿ ಒಲೆಯ ಮುಂದೆ ಒಂದು ಜಾಗ ಇರುತ್ತದೆ, ಮಾತಿಗೆ ಜೊತೆ ಇರುತ್ತದೆ, ತನ್ನ ಕೈಯ ಕೆಲಸ ಊರಿಗೆ ಬೇಕೆಂಬ ಧೈರ್ಯ ಇರುತ್ತದೆ. ಹಿರಿಯರ ಆರೋಗ್ಯದ ಯೋಜನೆ ಮಾಡುವವರು ಗುಳಿಗೆ, ತಪಾಸಣೆಗಳ ಜೊತೆಗೆ, ಅವರು ಇನ್ನೊಬ್ಬರಿಗೆ ಏನಾದರೂ ಕೊಡಬಲ್ಲ ಇಂಥ ಅವಕಾಶಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.