ಸೇವೆಗೆ ಬೇಕು, ಮನೆಗೆ ಬೇಡ

ಅಮೆರಿಕದ ದೊಡ್ಡ ಪ್ರೆಸ್ಬಿಟೇರಿಯನ್ ಚರ್ಚು 2011ರಲ್ಲಿ ಸಲಿಂಗ ಪ್ರೇಮಿಗಳಿಗೂ ಪಾದ್ರಿ ದೀಕ್ಷೆಯ ಬಾಗಿಲು ತೆರೆಯಿತು. ಅದನ್ನೋದಿದಾಗ ನನಗೆ ನಮ್ಮ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ಜೋಗತಿಯರು ನೆನಪಾದರು. ವಿಷಯ ಪೂರ್ತಿ ಒಂದೇ ಅಲ್ಲ, ನಿಜ. ಆದರೂ ಆ ಬಾಗಿಲನ್ನು ನಾವು ಯಾವತ್ತೋ ತೆರೆದಿದ್ದೀವಲ್ಲ ಅನಿಸಿತು. ಗಂಡಾಗಿ ಹುಟ್ಟಿ ಸೀರೆ ಉಟ್ಟವರಿಗೆ ಮುತ್ತು ಕಟ್ಟಿಸಿ, ಎಲ್ಲಮ್ಮನ ಕೊಡ ಹೊರಿಸಿ ಕೈಮುಗಿಯುತ್ತೀವಿ.

ಆದರೆ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನು ನೋಡಿ. ಮುತ್ತು ಕಟ್ಟಿಸಿಕೊಂಡ ಮೇಲೆ ಮನೆ ದೂರವಾಯಿತು. ವಿಷ ಕುಡಿದರು, ಬದುಕುಳಿದರು, ಭಿಕ್ಷೆ ಬೇಡಿದರು. ಕಾಳವ್ವ ಜೋಗತಿ ಕುಣಿತ ಕಲಿಸಿದರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆ, 2021ರಲ್ಲಿ ಪದ್ಮಶ್ರೀ.

ಆ ಚರ್ಚು 2015ರಲ್ಲಿ ಸಲಿಂಗ ಮದುವೆಯನ್ನೂ ಒಪ್ಪಿತು. ನಾವಿನ್ನೂ ಗುಡಿಯಲ್ಲೇ ನಿಂತಿದ್ದೀವಿ. ದೇವಿಯ ಕೊಡ ಹೊರಿಸಿದ ನಾವು, ಪಂಕ್ತಿಯಲ್ಲಿ ಅವರಿಗೊಂದು ಎಲೆ ಹಾಕೋದು ಯಾವಾಗ?